ಫೌಜಿಯೆಂದ ಮಾತ್ರಕ್ಕೆ ಮಾರ್ಚ್ ಬೇಡ: ಮಾಜಿ ಸೈನಿಕರ ಫಿಸಿಯೋಥೆರಪಿಗೆ ಸಂಗೀತ ಆರಿಸುವ ಬಗೆ

ನಿವೃತ್ತ ಸೈನಿಕರೊಬ್ಬರು ಮಂಡಿ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದರೆ, ವ್ಯಾಯಾಮಕ್ಕೆ ಹುರುಪು ಬರಲೆಂದು ಮಕ್ಕಳು ಮೊದಲು ಹುಡುಕುವುದು ಸೇನಾ ಬ್ಯಾಂಡಿನ ಮಾರ್ಚ್. ಹಾಕಿದ ಕೂಡಲೇ ಬೆನ್ನು ನೆಟ್ಟಗಾಗುತ್ತದೆ, ಕಾಲು ತಾನಾಗಿ ಏಳುತ್ತದೆ. ತೊಂದರೆ ಶುರುವಾಗುವುದೂ ಅಲ್ಲೇ. ತೇಜ್ ಚಲ್‌ನ, ಅಂದರೆ ಪರೇಡಿನ ಚುರುಕು ನಡೆಯ, ಲೆಕ್ಕ ನಿಮಿಷಕ್ಕೆ 120 ಹೆಜ್ಜೆ, ಹೆಜ್ಜೆಗೆ 30 ಇಂಚು. ಅಂದರೆ ನಿಮಿಷಕ್ಕೆ ಸುಮಾರು 91 ಮೀಟರ್. ಆಪರೇಷನ್ ಆಗಿ ಮೂರೋ ನಾಲ್ಕೋ ವಾರವಾದ ಕಾಲು ಕೋಲಿನ ಆಸರೆಯಲ್ಲಿ ನಿಮಿಷಕ್ಕೆ 65 ಹೆಜ್ಜೆ, ಹೆಜ್ಜೆಗೆ 40 ಸೆಂಟಿಮೀಟರ್ ಹಾಕಿದರೆ ಆ ಹೊತ್ತಿಗೆ ಅದೇ ದೊಡ್ಡದು. ಅದು ನಿಮಿಷಕ್ಕೆ 26 ಮೀಟರ್. ಇಪ್ಪತ್ತು ವರ್ಷ ಪರೇಡ್ ಮೈದಾನದಲ್ಲಿ ಪಳಗಿದ ಮೈ 120ರ ಪೆಟ್ಟು ಕೇಳಿಸಿಕೊಂಡು 65ಕ್ಕೆ ತೃಪ್ತಿಪಡುವುದಿಲ್ಲ. ಹೆಜ್ಜೆ ಚಿಕ್ಕದಾಗುತ್ತದೆ, ಸೊಂಟ ಎತ್ತಿ ಕಾಲನ್ನು ಹೊರಗೆ ಬೀಸಿ ಹಾಕುತ್ತಾರೆ, ಮಂಡಿ ಮಡಚುವುದೇ ಇಲ್ಲ. ಹದಿನೈದು ದಿನ ಹೀಗೇ ನಡೆದರೆ ಆ ಕುಂಟುವ ನಡಿಗೆಯೇ ರೂಢಿಯಾಗುತ್ತದೆ, ಆಮೇಲೆ ಬಿಡಿಸುವುದು ಕಷ್ಟ.

ಆದ್ದರಿಂದ ಆಯ್ಕೆಯನ್ನು ‘ಇವರಿಗೆ ಯಾವ ಹಾಡು ಇಷ್ಟ’ ಎಂಬ ಪ್ರಶ್ನೆಯಿಂದ ಶುರು ಮಾಡಬೇಡಿ. ಯಾವ ವ್ಯಾಯಾಮ, ಇವತ್ತಿನ ಹೆಜ್ಜೆಯ ಗತಿ ಎಷ್ಟು, ಕಿವಿ ಹೇಗಿದೆ, ಸದ್ದಿಗೆ ಮನಸ್ಸು ಬೆಚ್ಚುತ್ತದೆಯೇ ಎಂಬುದನ್ನು ಮೊದಲು ನೋಡಿ. ಇಷ್ಟ ಆಮೇಲೆ. ಇಷ್ಟಕ್ಕೆ ಬೆಲೆಯಿಲ್ಲ ಎಂದಲ್ಲ. ಗತಿ ಸರಿಯಾಗಿರುವ ಹತ್ತು ಹಾಡುಗಳಲ್ಲಿ ಅವರಿಗೆ ಹಿಡಿಸಿದ್ದನ್ನು ಹಾಕಿದರೆ ನಾಳೆಯೂ ವ್ಯಾಯಾಮಕ್ಕೆ ಕೂರುತ್ತಾರೆ. ಗತಿ ತಪ್ಪಿದ ಮೆಚ್ಚಿನ ಹಾಡು ಹುರುಪು ಕೊಟ್ಟು ನಡಿಗೆ ಕೆಡಿಸುತ್ತದೆ.

ತಾಳಕ್ಕೂ ಕಾಲಿಗೂ ಇರುವ ಈ ನಂಟು ಬರೀ ಅನುಭವದ ಮಾತಲ್ಲ. ಎರಡು ಮಹಾಯುದ್ಧಗಳ ಹೊತ್ತಿಗೆ ಅಮೆರಿಕದ ಸೈನಿಕರ ಆಸ್ಪತ್ರೆಗಳಲ್ಲಿ ಸಂಗೀತಗಾರರು ಗಾಯಾಳುಗಳ ಜೊತೆ ಕೆಲಸ ಮಾಡಿದ್ದರು. ಆ ಬೇಡಿಕೆಯ ಬೆನ್ನಲ್ಲೇ 1944ರಲ್ಲಿ ಮಿಷಿಗನ್ ಸ್ಟೇಟ್ ಕಾಲೇಜಿನಲ್ಲಿ ಸಂಗೀತ ಚಿಕಿತ್ಸೆಯ ಪದವಿ ಶಿಕ್ಷಣ ಶುರುವಾಯಿತು. ಸೈನಿಕರಿಗೆ ಕೃತಕ ಕೈಕಾಲು ಜೋಡಿಸುವ ನಮ್ಮ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್ ಹುಟ್ಟಿದ್ದೂ ಅದೇ ವರ್ಷ. 1990ರ ದಶಕದಲ್ಲಿ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಥೌಟ್ ಮತ್ತು ಸಂಗಡಿಗರು ಲಕ್ವ ಹೊಡೆದವರಿಗೆ, ಪಾರ್ಕಿನ್ಸನ್ ಎಂಬ ನರರೋಗ ಇರುವವರಿಗೆ ತಾಳದ ಪೆಟ್ಟಿಗೆ ನಡೆಯುವ ಅಭ್ಯಾಸ ಮಾಡಿಸಿ, ನಡಿಗೆಯ ವೇಗ ಮತ್ತು ಹೆಜ್ಜೆಯ ಉದ್ದ ಎರಡೂ ಸುಧಾರಿಸುವುದನ್ನು ತೋರಿಸಿದರು. ಆ ವಿಧಾನಕ್ಕೆ ರಿದಮಿಕ್ ಆಡಿಟರಿ ಸ್ಟಿಮ್ಯುಲೇಶನ್ ಎಂದು ಹೆಸರು. ಅದರ ಮೊದಲ ನಿಯಮ ಒಂದೇ: ರೋಗಿಯ ಈಗಿನ ಗತಿಯೇ ಆರಂಭದ ಗತಿ.

ಮೊದಲು ಹೆಜ್ಜೆ ಎಣಿಸಿ

ಜಗಲಿಯಲ್ಲೋ ಹಜಾರದಲ್ಲೋ ಚಾಕ್‌ಪೀಸಿನಿಂದ 10 ಮೀಟರ್ ಗುರುತು ಹಾಕಿ. ಅಷ್ಟು ಜಾಗ ಇಲ್ಲದಿದ್ದರೆ 6 ಮೀಟರ್ ಸಾಕು. ಸಂಗೀತ ಹಾಕದೆ, ಮಾತಾಡಿಸದೆ, ಅವರಿಗೆ ಹಿತವಾದ ವೇಗದಲ್ಲಿ ನಡೆಯಲು ಹೇಳಿ. ಎರಡೂ ಕಾಲಿನ ಹೆಜ್ಜೆ ಸೇರಿಸಿ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. 36 ಬಂದರೆ ಗತಿ 72. ತಿರುಗುವಾಗ ಹೆಜ್ಜೆಯನ್ನೂ ಸೆಕೆಂಡನ್ನೂ ಎಣಿಸಬೇಡಿ, ಅಲ್ಲಿ ಗತಿ ಯಾವಾಗಲೂ ಕುಸಿಯುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಎರಡು ದಿನ ಎಣಿಸಿದರೆ ನಂಬಬಹುದಾದ ಅಂಕಿ ಸಿಗುತ್ತದೆ.

ಮೊದಲ ವಾರ ಆ ಅಂಕಿಯಲ್ಲೇ ನಡೆಸಿ. ಪೆಟ್ಟಿಗೆ ಹೆಜ್ಜೆ ಕೂಡುತ್ತಿದೆ, ಎರಡೂ ಹೆಜ್ಜೆ ಒಂದೇ ಉದ್ದ ಇದೆ ಎಂದಾದರೆ ಮಾತ್ರ ಶೇ 5 ಏರಿಸಿ: 72ರಿಂದ 76, ಅಲ್ಲಿಂದ 80. ಒಂದೇ ಸಲ ಶೇ 10ಕ್ಕಿಂತ ಹೆಚ್ಚು ಏರಿಸುವುದು ಬೇಡ. ಏರಿಸಿದ್ದು ಹೆಚ್ಚಾಯಿತು ಎಂದು ತಿಳಿಯುವುದು ಹೀಗೆ: ಹಿಮ್ಮಡಿ ನೆಲ ಮುಟ್ಟುವುದು ಪೆಟ್ಟಿಗಿಂತ ಕೊಂಚ ತಡವಾಗುತ್ತದೆ, ಕಣ್ಣು ನೆಲಕ್ಕೆ ನೆಡುತ್ತದೆ, ಭುಜ ಕಿವಿಯ ಹತ್ತಿರ ಏರುತ್ತದೆ. ಪೆಟ್ಟಿನ ಜೊತೆ ನಡೆಯುವುದು ಬಿಟ್ಟು ಪೆಟ್ಟನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಎಂದರ್ಥ. ಹಿಂದಿನ ಅಂಕಿಗೆ ಬನ್ನಿ.

ಪಾರ್ಕಿನ್ಸನ್ ಇರುವವರಲ್ಲಿ ಲೆಕ್ಕ ಬೇರೆ. ಹೆಜ್ಜೆ ಚಿಕ್ಕದಾಗುತ್ತಾ ಓಟಕ್ಕೆ ತಿರುಗುವ, ಬಾಗಿಲ ಬಳಿ ಕಾಲು ಅಂಟಿಕೊಂಡಂತೆ ನಿಲ್ಲುವ ತೊಂದರೆ ಇದ್ದರೆ ಗತಿ ಏರಿಸಬೇಡಿ. ಅವರಿಗೆ ತಮ್ಮ ಗತಿಯಲ್ಲೋ ಅದಕ್ಕಿಂತ ಒಂದಿಷ್ಟು ಕೆಳಗೋ ದೊಡ್ಡ ಹೆಜ್ಜೆ ಹಾಕಿಸುವುದೇ ಗುರಿ. ಅದನ್ನು ಫಿಸಿಯೋ ಪಕ್ಕದಲ್ಲಿ ನಿಂತು ನಿಗದಿ ಮಾಡಬೇಕು.

ನಡಿಗೆಗೆ: ಮೆಟ್ರೊನೋಮ್, ಹಾಡು, ಮಾರ್ಚ್

ಒಂದೇ ಗತಿಯಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪ್ ಪುಕ್ಕಟೆ ಸಿಗುತ್ತದೆ, ಬೇಕಾದ ಅಂಕಿಗೆ ನಿಲ್ಲಿಸಬಹುದು, ನಡುವೆ ಗತಿ ಬದಲಾಗುವುದಿಲ್ಲ. ಮೊದಲ ಎರಡು ವಾರಕ್ಕೆ ಇದಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ. ಕೊರತೆ ಎಂದರೆ ಹತ್ತು ನಿಮಿಷಕ್ಕೆ ಬೇಸರ ಬರುತ್ತದೆ. ಟಿಕ್ ಟಿಕ್ ಸದ್ದು ಪೆಟ್ಟನ್ನು ತಿಳಿಸುತ್ತದೆಯೇ ಹೊರತು ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿಗೆ ಮೈ ಹೇಗೆ ಸಾಗಬೇಕು ಎಂದು ತಿಳಿಸುವುದಿಲ್ಲ. ಅದಕ್ಕೇ ಮೆಟ್ರೊನೋಮಿಗೆ ನಡೆಯುವವರ ಹೆಜ್ಜೆ ಕೆಲವೊಮ್ಮೆ ಬೊಂಬೆಯಂತೆ ಬಿಗಿಯಾಗುತ್ತದೆ. ಸಂಗೀತ ಅಭ್ಯಾಸ ಮಾಡುವವರ ಮನೆಯಲ್ಲಿ ಎಲೆಕ್ಟ್ರಾನಿಕ್ ತಬಲಾ ಪೆಟ್ಟಿಗೆಯೋ ತಬಲಾ ಆ್ಯಪೋ ಇದ್ದರೆ ಅದು ಇನ್ನೂ ಚೆನ್ನ. ಗತಿ ಅಷ್ಟೇ ಕರಾರುವಾಕ್ಕು, ಬಾಯಾದ, ಅಂದರೆ ಎಡಗೈಯ ತಬಲೆಯ, ಗುಂಯ್ ನಾದ ಒಂದು ಪೆಟ್ಟನ್ನು ಇನ್ನೊಂದಕ್ಕೆ ಹೊಲಿಯುತ್ತದೆ. ಕೇರವಾ ತಾಳದ ಎಂಟು ಮಾತ್ರೆ, ಸರಳ ಠೇಕಾ (ತಾಳದ ಮೂಲ ಬಡಿತ) ಸಾಕು. ತಿಹಾಯಿ, ತುಂಡಿನಂಥ ಅಲಂಕಾರ ಬಾರಿಸುವ ಮೋಡ್ ಬೇಡ.

ಧ್ವನಿಮುದ್ರಿತ ಹಾಡುಗಳಲ್ಲಿ ಆಯ್ಕೆಯೂ ಹೆಚ್ಚು, ಅಪಾಯವೂ ಹೆಚ್ಚು. ಸಿನಿಮಾ ಹಾಡಿನ ಮೊದಲ ಅರ್ಧ ನಿಮಿಷ ಎಷ್ಟೋ ಸಲ ತಾಳವೇ ಇರುವುದಿಲ್ಲ. ಚರಣದ ಮುಂಚಿನ ವಾದ್ಯಭಾಗದಲ್ಲಿ ಪೆಟ್ಟು ಮಾಯವಾಗುತ್ತದೆ ಅಥವಾ ದುಪ್ಪಟ್ಟಾಗುತ್ತದೆ. ಕಾಲು ಗಾಳಿಯಲ್ಲಿದ್ದಾಗ ಪೆಟ್ಟು ನಿಂತರೆ ಕೋಲು ಹಿಡಿದವರು ತಡವರಿಸುತ್ತಾರೆ. ಹಾಡನ್ನು ಪೂರ್ತಿ ಕೇಳಿ, ಒಂದೇ ಗತಿಯಲ್ಲಿ ಓಡುವ ಭಾಗವನ್ನು ಮಾತ್ರ ಕತ್ತರಿಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಗತಿ ತಿಳಿಯಲು ಪೆಟ್ಟಿಗೆ ಬೆರಳು ತಟ್ಟಿದರೆ ಅಂಕಿ ತೋರಿಸುವ ಆ್ಯಪ್‌ಗಳಿವೆ. ಇಲ್ಲವಾದರೆ 30 ಸೆಕೆಂಡ್ ಚಪ್ಪಾಳೆ ಎಣಿಸಿ. 72 ಬೇಕಾಗಿದ್ದು ಸಿಕ್ಕ ಹಾಡು 80 ಇದ್ದರೆ ಪ್ಲೇಯರಿನ ವೇಗವನ್ನು 0.9ಕ್ಕೆ ಇಡಿ, ಸರಿಯಾಗಿ 72ಕ್ಕೆ ಬರುತ್ತದೆ, ಶ್ರುತಿಯೂ ಇಳಿಯುವುದಿಲ್ಲ. 0.8ಕ್ಕಿಂತ ಕೆಳಗೆ ಹೋದರೆ ಡೋಲಿನ ಪೆಟ್ಟು ಒಡೆದ ಹಾಗೆ ಕೇಳುತ್ತದೆ. ನಿಮಿಷಕ್ಕೆ 144 ಪೆಟ್ಟಿನ ಹಾಡಿಗೆ ಎರಡು ಪೆಟ್ಟಿಗೊಂದು ಹೆಜ್ಜೆ ಹಾಕಬಹುದು ಎಂಬುದು ಕಾಗದದ ಮೇಲೆ ಸರಿ. ಆದರೆ ಪರೇಡ್ ಮಾಡಿದ ಕಾಲು ಪ್ರತಿ ಪೆಟ್ಟಿಗೂ ಏಳಲು ನೋಡುತ್ತದೆ, ಆದ್ದರಿಂದ ಸೈನಿಕರಿಗೆ ಈ ಲೆಕ್ಕ ಬೇಡ.

ಭಜನೆಗಳಲ್ಲಿ ತಾಳದ ಕಂಚಿನ ಸದ್ದು ಸ್ಪಷ್ಟ, ಪದ ಬಾಯಿಗೆ ಬರುತ್ತದೆ, ಜೊತೆಗೆ ಹಾಡಬಹುದು. ಆದರೆ ಭಜನೆ ಕೊನೆಗೆ ದುಗುನಕ್ಕೆ (ದುಪ್ಪಟ್ಟು ಗತಿಗೆ) ಹೋಗುವುದು ವಾಡಿಕೆ. ಡೊಳ್ಳಿನದೂ ಇದೇ ಕತೆ: ಹತ್ತು ನಿಮಿಷದ ಮುದ್ರಿಕೆಯಲ್ಲಿ ಶುರುವಿನ ಗತಿ ಕೊನೆಯಲ್ಲಿ ಇರುವುದಿಲ್ಲ. ಯಕ್ಷಗಾನದ ಚಂಡೆ ನಡಿಗೆಗೆ ಹೊಂದುವುದಿಲ್ಲ, ಪೆಟ್ಟು ತೀಕ್ಷ್ಣ, ಗತಿ ನಿಮಿಷಕ್ಕೊಂದು. ಖಂಡಛಾಪು, ಮಿಶ್ರಛಾಪುವಿನ ಕೀರ್ತನೆಗಳನ್ನೂ ನಡಿಗೆಗೆ ಹಾಕಬೇಡಿ. ಐದು, ಏಳು ಅಕ್ಷರ ಸಮನಾಗಿ ಎರಡು ಕಾಲಿಗೆ ಹಂಚಿಕೆಯಾಗುವುದಿಲ್ಲ. ಒಂದು ಕಾಲಿಗೆ ಮೂರು, ಇನ್ನೊಂದಕ್ಕೆ ನಾಲ್ಕು ಎಂದಾದರೆ ಕುಂಟನ್ನು ತಾಳವೇ ಕಲಿಸಿದಂತೆ. ಆದಿತಾಳದ ಮಧ್ಯಮ ಕಾಲದ ಕೃತಿ, ಕೋಲಾಟದ ಪದ, ನಿಧಾನದ ಜನಪದ ಗೀತೆ ಇವೆಲ್ಲ ನಡೆಯುತ್ತವೆ.

ವಾಕರ್ ಹಿಡಿದು ನಡೆಯುವವರಿಗೆ ಮಾತ್ರ ಎರಡರ ತಾಳಕ್ಕಿಂತ ಮೂರರ ತಾಳ ಒಳ್ಳೆಯದು. ಅವರ ನಡಿಗೆಯೇ ಮೂರು ತುಂಡು: ವಾಕರ್ ಮುಂದೆ, ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆಯ ಕಾಲು. ನಿಮಿಷಕ್ಕೆ 60 ಪೆಟ್ಟಿನ ದಾದರಾ ಅಥವಾ ತಿಶ್ರ ನಡೆ ಹಾಕಿದರೆ ಒಂದು ಸುತ್ತಿಗೆ ಮೂರು ಸೆಕೆಂಡ್, ನಿಮಿಷಕ್ಕೆ 40 ಹೆಜ್ಜೆ. ಕೋಲಿಗೆ ಇಳಿದ ದಿನ ತಾಳವೂ ಎರಡಕ್ಕೆ ಬದಲಾಗಬೇಕು, ಏಕೆಂದರೆ ಕೋಲು ಮತ್ತು ನೋವಿನ ಕಾಲು ಒಟ್ಟಿಗೇ ಮುಂದೆ ಹೋಗುತ್ತವೆ. ಮೆಟ್ಟಿಲು ಹತ್ತಿ ಇಳಿಯುವಾಗ ಯಾವ ಸಂಗೀತವೂ ಬೇಡ.

ಇನ್ನು ಮಾರ್ಚ್. ಅದರ ಬಲ ದೊಡ್ಡದು: ಗತಿ ಕದಲುವುದಿಲ್ಲ, ಪೆಟ್ಟು ಸ್ಪಷ್ಟ, ಕಾಲಿಗೆ ನೆನಪಿದೆ. ಆ ನೆನಪೇ ಮೂರು ತೊಂದರೆ ತರುತ್ತದೆ. ಒಂದು, ಮೇಲೆ ಹೇಳಿದ 120ರ ಅವಸರ. ಎರಡು, ಹಿಮ್ಮಡಿ ಬಡಿಯುವ ಅಭ್ಯಾಸ. ‘ಥಮ್’ (ನಿಲ್ಲು) ಎಂದಾಗ ಕಾಲು ಎತ್ತಿ ನೆಲಕ್ಕೆ ಅಪ್ಪಳಿಸುವುದು ಡ್ರಿಲ್‌ನಲ್ಲಿ ಸರಿ. ಹೊಸ ಮಂಡಿಯಲ್ಲಿ, ಕೃತಕ ಕಾಲಿನ ಸಾಕೆಟ್ (ಉಳಿದ ಕಾಲು ಕೂರುವ ಬಟ್ಟಲು) ಒಳಗೆ ಕೂತ ಚರ್ಮದ ಮೇಲೆ ಅದು ಏಟು. ಟ್ಯೂನ್ ಮುಗಿಯುವ ಹೊತ್ತಿಗೆ ಅನೇಕರು ಯೋಚಿಸದೆಯೇ ಹೀಗೆ ಬಡಿದು ನಿಲ್ಲುತ್ತಾರೆ, ಆದ್ದರಿಂದ ಮಾರ್ಚ್ ಮುಗಿಯುವ ಮೊದಲೇ ಸದ್ದನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿ. ಮೂರನೆಯದು ಯಾರೂ ಗಮನಿಸದ ಸಂಗತಿ. ಬ್ಯಾಂಡಿನ ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲಿಗೆ ಬೀಳುತ್ತದೆ. ನೋವಿರುವುದು ಎಡಗಾಲಾದರೆ ಆ ಒತ್ತು ಅದರ ಮೇಲೆ ಭಾರ ಹಾಕಿಸಲು ನೆರವಾಗಬಹುದು. ನೋವು ಬಲಗಾಲಿನದಾದರೆ ಎಡಗಾಲಿನ ಮೇಲೆ ಇನ್ನಷ್ಟು ಹೊತ್ತು ನಿಲ್ಲುವ ಚಟ ಗಟ್ಟಿಯಾಗುತ್ತದೆ. ಅಂಥವರಿಗೆ ಎರಡೂ ಪೆಟ್ಟು ಸಮ ತೂಕದ ಮೆಟ್ರೊನೋಮೇ ಲೇಸು.

ಧೀರೆ ಚಲ್‌ನ ಸ್ಲೋ ಮಾರ್ಚ್ ನಿಮಿಷಕ್ಕೆ 70ರ ಆಸುಪಾಸು. ಅಂಕಿ ನೋಡಿದರೆ ನಮ್ಮ ರೋಗಿಗೆ ಹೇಳಿ ಮಾಡಿಸಿದ್ದು. ಆದರೆ ಡ್ರಿಲ್‌ನಲ್ಲಿ ಅದಕ್ಕೆ ಕಾಲನ್ನು ನೇರ ಚಾಚಿ ಗಾಳಿಯಲ್ಲಿ ತಡೆದು ಇಡುವ ರೀತಿ ಇದೆ, ಅಂದರೆ ಅಷ್ಟು ಹೊತ್ತು ಒಂದೇ ಕಾಲಿನ ಮೇಲೆ ಭಾರ. ‘ಪರೇಡ್ ಬೇಡ, ಮನೆಯ ನಡಿಗೆ ಸಾಕು’ ಎಂದು ಮೊದಲೇ ಹೇಳಿ ಹಾಕಿದರೆ ಕೆಲವರಿಗೆ ಇದು ಚೆನ್ನಾಗಿ ಕೂಡುತ್ತದೆ. ‘ಕದಮ್ ತಾಲ್’, ನಿಂತಲ್ಲೇ ಕಾಲು ಎತ್ತುವುದು, ಅಡುಗೆಮನೆಯ ಕಟ್ಟೆ ಹಿಡಿದು ನಿಮಿಷಕ್ಕೆ 50–60ರಲ್ಲಿ ಮಾಡಿದರೆ ಸೊಂಟಕ್ಕೂ ಮಂಡಿಗೂ ಒಳ್ಳೆಯ ವ್ಯಾಯಾಮ. ಸೊಂಟದ ಕೀಲು ಬದಲಾಯಿಸಿದವರು ಮಾತ್ರ ಎಚ್ಚರ: ಹಿಂಬದಿಯಿಂದ ಕೊಯ್ದು ಮಾಡಿದ ಆಪರೇಷನ್ ಆಗಿದ್ದರೆ ಸೊಂಟವನ್ನು 90 ಡಿಗ್ರಿ ಮೀರಿ ಮಡಚಬಾರದು ಎಂದು ವೈದ್ಯರು ಹೇಳಿರುತ್ತಾರೆ, ಮೈದಾನದ ರೂಢಿಯಂತೆ ತೊಡೆ ಎತ್ತಿದರೆ ಆ ಮಿತಿಗೇ ಬಂದು ನಿಲ್ಲುತ್ತದೆ.

ಯಾರಾದರೂ ಬಾರಿಸಿದರೆ

ಮನೆಯಲ್ಲಿ ಕಂಜಿರ, ದಮ್ಮಡಿ, ತಮಟೆ ಹಿಡಿಯಬಲ್ಲವರು ಒಬ್ಬರಿದ್ದರೆ ಮೇಲಿನ ಎಲ್ಲಕ್ಕಿಂತ ಅದೇ ಮೇಲು. ಯಂತ್ರ ಕಾಲನ್ನು ಕಾಯುವುದಿಲ್ಲ, ಮನುಷ್ಯ ಕಾಯುತ್ತಾನೆ. ಕೃತಕ ಕಾಲಿನ ನಡಿಗೆಯಲ್ಲಿ ಇದು ಎದ್ದು ಕಾಣುತ್ತದೆ. ಮಂಡಿಯ ಕೆಳಗೆ ಕಾಲು ಕಳೆದುಕೊಂಡವರು ಸಿಮೆಂಟ್ ನೆಲದ ಮೇಲೆ ನಡೆಯುವಾಗ ಕಣ್ಣು ಮುಚ್ಚಿ ಕೇಳಿ: ‘ಟಕ್... ಟಕ್’ ಎಂದು ಸಮ ಬರಬೇಕಾದದ್ದು ‘ಟಕ್‌ಟಕ್... ಟಕ್‌ಟಕ್...’ ಎಂದು ಬರುತ್ತದೆ. ಕೃತಕ ಕಾಲಿನ ಮೇಲೆ ನಂಬಿಕೆ ಇಲ್ಲದೆ ಅದರಿಂದ ಬೇಗ ಇಳಿದು ಒಳ್ಳೆಯ ಕಾಲಿಗೆ ಜಿಗಿಯುತ್ತಿದ್ದಾರೆ. ಬಾರಿಸುವವರು ಮೊದಲು ಅವರ ಸರಾಸರಿ ಗತಿಯಲ್ಲೇ ಸಮ ಪೆಟ್ಟು ಕೊಡಬೇಕು. ನಾಲ್ಕೈದು ಸುತ್ತು ಕಳೆದ ಮೇಲೆ ಕೃತಕ ಕಾಲು ನೆಲದಲ್ಲಿರುವ ಹೊತ್ತಿಗೆ ಕಂಜಿರದ ಪೆಟ್ಟನ್ನು ಕೊಂಚ ತುಂಬಿ, ನಾದ ಉಳಿಯುವಂತೆ ಬಾರಿಸಿ, ಒಳ್ಳೆಯ ಕಾಲಿನದನ್ನು ಅಂಚಿನಲ್ಲಿ ಹಗುರಾಗಿ ತಟ್ಟಿ. ಸದ್ದು ಉಳಿದಷ್ಟು ಹೊತ್ತು ಭಾರವೂ ಅಲ್ಲಿ ಉಳಿಯಲು ಕಲಿಯುತ್ತದೆ. ಕಲಿತ ಮೇಲೆ ಎರಡನ್ನೂ ಸಮ ಮಾಡಿ.

ಕೃತಕ ಕಾಲಿನವರಿಗೆ ಸಂಗೀತದಿಂದ ಬರುವ ಅಪಾಯ ಹೆಚ್ಚು ನಡೆದುಬಿಡುವುದು. ಹೊಸ ಸಾಕೆಟ್ ಆದರೆ 10 ನಿಮಿಷಕ್ಕೊಮ್ಮೆ ನಿಲ್ಲಿಸಿ, ಕಾಲು ಬಿಚ್ಚಿ, ಚರ್ಮ ನೋಡಿ, ಬೆವರು ಒರೆಸಿ. ಕೆಂಪು 10 ನಿಮಿಷದಲ್ಲಿ ಮಾಯವಾಗದಿದ್ದರೆ ಆ ದಿನಕ್ಕೆ ನಡಿಗೆ ಮುಗಿಯಿತು. ಹತ್ತೇ ನಿಮಿಷದ ಪ್ಲೇಲಿಸ್ಟ್ ಮಾಡಿ ತಾನಾಗಿ ನಿಲ್ಲುವಂತೆ ಇಟ್ಟರೆ ಮರೆಯುವ ಪ್ರಶ್ನೆ ಇಲ್ಲ.

ಮಂಡಿ ನೇರ ಮಾಡುವ ವ್ಯಾಯಾಮಕ್ಕೂ ಕಂಜಿರ ಆಗುತ್ತದೆ. ಕುರ್ಚಿಯಲ್ಲಿ ಕೂರಿಸಿ, ಕಾಲು ಚಾಚಿದರೆ ಪಾದದ ಬೆರಳು ಮುಟ್ಟುವಷ್ಟು ಎತ್ತರದಲ್ಲಿ ಹಿಡಿಯಿರಿ. ಮುಟ್ಟಿದಾಗ ಸದ್ದು ಬರುತ್ತದೆ, ‘ಇನ್ನೂ ಸ್ವಲ್ಪ ಎತ್ತಿ’ ಎಂದು ಹೇಳಬೇಕಾಗಿಲ್ಲ. ಮೂರು ದಿನಕ್ಕೊಮ್ಮೆ ಒಂದು ಇಂಚು ಮೇಲಕ್ಕೆ.

ಕೊಡಗಿನಂಥ ಕಡೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯರ ನಾಡಿನಲ್ಲಿ, ಮನೆಗೊಬ್ಬ ಮಾಜಿ ಸೈನಿಕರು ಸಿಗುತ್ತಾರೆ. ಅಲ್ಲಿ ವಾಲಗದ ಸದ್ದು ಬಂದರೆ ಕೂತಲ್ಲೇ ಮೈ ಓಲಾಡುತ್ತದೆ. ಆ ಓಲಾಟ ನಡಿಗೆಗೆ ಬೇಡ, ಭಾರ ಬದಲಿಸುವ ಅಭ್ಯಾಸಕ್ಕೆ ಚಿನ್ನ. ಪಾದಗಳನ್ನು ಒಂದಡಿ ಅಂತರದಲ್ಲಿಟ್ಟು, ಮುಂದೆ ಗಟ್ಟಿ ಮೇಜು ಇಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಬೇಕು. ನೋವಿನ ಕಾಲಿನ ಕೆಳಗೆ ತೂಕದ ಯಂತ್ರ, ಇನ್ನೊಂದರ ಕೆಳಗೆ ಅಷ್ಟೇ ದಪ್ಪದ ಹಲಗೆ ಇಟ್ಟರೆ ಎಷ್ಟು ಕಿಲೋ ಬಿತ್ತು ಎಂದು ಕಣ್ಣಿಗೇ ಕಾಣುತ್ತದೆ. ಪೂರ್ತಿ ಭಾರ ಹಾಕಬಹುದು ಎಂದು ವೈದ್ಯರು ಹೇಳಿದ ಮೇಲಷ್ಟೇ ಇದು.

ಬಲ ತುಂಬುವ ವ್ಯಾಯಾಮಕ್ಕೆ ತಾಳ

ಇಲ್ಲಿ ನಡಿಗೆಯ ನಿಯಮ ತಿರುಗುಮುರುಗು. ಕಾಲು ಎತ್ತುವುದಕ್ಕಿಂತ ಇಳಿಸುವುದು ನಿಧಾನ ಆಗಬೇಕು, ಹಾಗಾಗಿ ಸಮವಲ್ಲದ ತಾಳಗಳೇ ಇಲ್ಲಿ ಕೆಲಸಕ್ಕೆ ಬರುತ್ತವೆ. ರಬ್ಬರ್ ಪಟ್ಟಿ ಎಳೆಯುವಾಗ ಮಿಶ್ರಛಾಪು ಹಾಕಿ ನೋಡಿ: ಮೂರಕ್ಕೆ ಎಳೆ, ನಾಲ್ಕಕ್ಕೆ ಬಿಡು. ನಿಮಿಷಕ್ಕೆ 120 ಅಕ್ಷರದ ಗತಿಯಲ್ಲಿ ಒಂದು ಸಲಕ್ಕೆ ಮೂರೂವರೆ ಸೆಕೆಂಡ್, ಹತ್ತು ಸಲಕ್ಕೆ 35 ಸೆಕೆಂಡ್. ಪಟ್ಟಿ ತಟಕ್ಕನೆ ಹಿಂದಕ್ಕೆ ಹಾರುವುದು ತಾನಾಗಿ ನಿಲ್ಲುತ್ತದೆ.

ಮಲಗಿ ಕಾಲು ನೇರ ಎತ್ತುವುದಕ್ಕೆ ಆದಿತಾಳ, ನಿಮಿಷಕ್ಕೆ 60. ಎರಡು ಎಣಿಕೆಗೆ ಎತ್ತಿ, ಮೂರು ಎಣಿಕೆ ತಡೆದು, ಮೂರಕ್ಕೆ ಇಳಿಸಿ. ಒಂದು ಆವರ್ತ ಎಂಟು ಸೆಕೆಂಡ್, ಹತ್ತು ಆವರ್ತಕ್ಕೆ ಒಂದು ಸೆಟ್. ಇನ್ನೊಂದು ಮಂಡಿಯ ಎತ್ತರಕ್ಕಿಂತ ಮೇಲೆ ಎತ್ತುವುದು ಬೇಡ. ಕುರ್ಚಿಯಿಂದ ಎದ್ದು ಕೂರುವುದಕ್ಕೆ ನಾಲ್ಕಕ್ಕೆ ಏಳು, ನಾಲ್ಕಕ್ಕೆ ಕೂರು. ಕೊನೆಯ ಎರಡು ಎಣಿಕೆಯಲ್ಲಿ ಧಪ್ಪನೆ ಬೀಳುತ್ತಿದ್ದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿ, ತಾಳ ಬದಲಿಸಬೇಡಿ.

ಎಣಿಕೆಯನ್ನು ಅವರೇ ಬಾಯಿಬಿಟ್ಟು ಹೇಳಬೇಕು, ಇಲ್ಲವೇ ಹಾಡಬೇಕು. ಸೈನಿಕರು ಬಲ ಹಾಕುವಾಗ ಉಸಿರು ಕಟ್ಟಿ ಹಲ್ಲು ಕಚ್ಚುವುದು ಸಾಮಾನ್ಯ, ಆಗ ಬಿಪಿ ಸರ್ರನೆ ಏರುತ್ತದೆ. ಬಾಯಿ ಹಾಡುತ್ತಿದ್ದರೆ ಉಸಿರು ಕಟ್ಟಲು ಬರುವುದಿಲ್ಲ.

ಭುಜಕ್ಕೆ, ಕೈಗೆ

ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಏರಿಸುವ ವ್ಯಾಯಾಮಕ್ಕೆ ಮೊದಲ ಸರಳೆ ವರಸೆಗಿಂತ ಒಳ್ಳೆಯ ಜೊತೆಗಾರ ಸಿಗುವುದು ಕಷ್ಟ. ಸ್ವರ ಏರಿದಂತೆ ಕೈ ಏರುತ್ತದೆ, ಇಳಿದಂತೆ ಇಳಿಯುತ್ತದೆ. ಎತ್ತ ಹೋಗಬೇಕೆಂದು ಸದ್ದೇ ಹೇಳುತ್ತದೆ. ಗೋಡೆಯ ಮೇಲೆ ಎಂಟು ಗೆರೆ ಎಳೆದು ಸ, ರಿ, ಗ, ಮ ಎಂದು ಬರೆಯಿರಿ. ನೋವು ಶುರುವಾಗುವ ಮುಂಚಿನ ಗೆರೆಯೇ ಇವತ್ತಿನ ಮಿತಿ. ಈ ವಾರ ಪಂಚಮ (ಪ), ಮುಂದಿನ ವಾರ ಧೈವತ (ದ) ಎಂದು ಬರೆದಿಟ್ಟರೆ ಫಿಸಿಯೋಗೂ ಲೆಕ್ಕ ಸಿಗುತ್ತದೆ. ಇಳಿಯುವಾಗ ಅವಸರ ಮಾಡುವವರು ಬಹಳ ಮಂದಿ. ಅವರೋಹಣವನ್ನೂ ಆರೋಹಣದ ಗತಿಯಲ್ಲೇ ಹಾಡಿಸಿ.

ಲಕ್ವದಿಂದ ಸೋತ ಕೈಗೆ ಹಾರ್ಮೋನಿಯಂ ಎರಡು ರೀತಿ ಉಪಯೋಗ. ಕೈ ಒಟ್ಟಾರೆ ಸೋತಿದ್ದರೆ ಅದನ್ನು ತಿದಿಯ ಮೇಲೆ ಇಟ್ಟು ಒತ್ತಿಸಿ, ಮೊಣಕೈಗೂ ಭುಜಕ್ಕೂ ಕೆಲಸ ಸಿಗುತ್ತದೆ, ನಿಲ್ಲಿಸಿದರೆ ನಾದ ಸೋರಿಹೋಗಿ ತಕ್ಷಣ ಗೊತ್ತಾಗುತ್ತದೆ. ಬೆರಳಿನ ಚಲನೆ ಸ್ವಲ್ಪ ಬಂದಿದ್ದರೆ ಅದೇ ಕೈಯನ್ನು ಸ್ವರದ ಮನೆಗಳ (ಕೀಗಳ) ಮೇಲೆ ಇಡಿ, ತಿದಿ ಬೇರೆಯವರು ಹಾಕಲಿ. ಮೊಬೈಲ್ ಪರದೆಯ ಕೀಬೋರ್ಡ್ ಇದಕ್ಕೆ ಸಾಟಿಯಲ್ಲ, ಬೆರಳಿಗೆ ಒತ್ತಿದ ಅನುಭವವೇ ಇರುವುದಿಲ್ಲ.

ಬೆನ್ನುಹುರಿಯ ಗಾಯದಿಂದ ಗಾಲಿಕುರ್ಚಿ ಹಿಡಿದವರಿಗೆ, ಪುಣೆಯ ಖಡ್ಕಿಯಲ್ಲಿ 1974ರಿಂದ ಇರುವ ಪ್ಯಾರಾಪ್ಲೀಜಿಕ್ ಪುನರ್ವಸತಿ ಕೇಂದ್ರದಂಥ ಕಡೆ ಬಾಳುವವರಿಗೆ, ಭುಜವೇ ಕಾಲು. ಅವರಿಗೆ ವೇಗದ ಹಾಡು ಹಾಕಿದರೆ ಚಕ್ರವನ್ನು ಚಿಕ್ಕ ಚಿಕ್ಕ ಕುಕ್ಕಿನಲ್ಲಿ ತಳ್ಳುತ್ತಾರೆ, ಭುಜದ ಸ್ನಾಯುರಜ್ಜು ಸವೆಯುತ್ತದೆ. ಒಂದು ಪೆಟ್ಟಿಗೆ ಉದ್ದವಾಗಿ ತಳ್ಳಿ, ಮುಂದಿನ ಪೆಟ್ಟಿಗೆ ಕೈಯನ್ನು ಚಕ್ರದ ಕೆಳಗೆ ಸಡಿಲ ಬಿಟ್ಟು ಹಿಂದಕ್ಕೆ ತರುವಂತೆ ನಿಧಾನದ ಗತಿ ಆರಿಸಿ.

ಸ್ನಾಯು ಎಳೆದು ಹಿಡಿಯುವ ವ್ಯಾಯಾಮಕ್ಕೆ ಮತ್ತು ಉಸಿರಾಟಕ್ಕೆ ಪೆಟ್ಟೇ ಬೇಡ. ಪೆಟ್ಟಿದ್ದರೆ ಎಳೆತ ಜಗ್ಗಾಟವಾಗುತ್ತದೆ. ತಂಬೂರಿಯ ಶ್ರುತಿ, ಕೊಳಲಿನ ಆಲಾಪ ಸಾಕು. 30 ಸೆಕೆಂಡಿಗೊಮ್ಮೆ ಮೆತ್ತನೆಯ ಗಂಟೆ ಬರುವಂತೆ ಇಟ್ಟುಕೊಳ್ಳಿ.

ಕಿವಿ ಮತ್ತು ಬೆಚ್ಚುವ ಮನಸ್ಸು

ಫಿರಂಗಿ ದಳ, ಟ್ಯಾಂಕ್ ದಳದಲ್ಲಿದ್ದವರ, ವಿಮಾನದ ಇಂಜಿನ್ ಪಕ್ಕ ಕೆಲಸ ಮಾಡಿದವರ ಕಿವಿ ಸಾಮಾನ್ಯವಾಗಿ ಕೆಡುವುದು 3000ದಿಂದ 6000 ಹರ್ಟ್ಸ್ ನಡುವೆ, ಅದರಲ್ಲೂ 4000ದ ಹತ್ತಿರ. ಮಾತು ಕೇಳುತ್ತದೆ, ತೀಕ್ಷ್ಣ ಸದ್ದು ಕೇಳುವುದಿಲ್ಲ. ಮೆಟ್ರೊನೋಮಿನ ಚೂಪು ‘ಟಿಕ್’, ಭಜನೆಯ ತಾಳ, ಗೆಜ್ಜೆ ಇವೇ ಮೊದಲು ಕಳೆದುಹೋಗುವ ಸದ್ದುಗಳು. ‘ತಾಳಕ್ಕೆ ಕೂಡುತ್ತಿಲ್ಲ’ ಎಂದು ಬೈಯುವ ಮೊದಲು ಬೆನ್ನು ತಿರುಗಿಸಿ ಕೂರಿಸಿ, ಮೂರು ಮೀಟರ್ ದೂರದಿಂದ ಪೆಟ್ಟು ಹಾಕಿ, ತೊಡೆ ತಟ್ಟಲು ಹೇಳಿ. ತಪ್ಪಿದರೆ ಆ್ಯಪ್‌ನ ಸದ್ದನ್ನು ಡ್ರಮ್‌ಗೆ ಬದಲಿಸಿ. ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಮಂದ್ರದ ಪೆಟ್ಟು ಸರಿಯಾಗಿ ಬರುವುದಿಲ್ಲ. ಸಾವಿರ, ಒಂದೂವರೆ ಸಾವಿರ ರೂಪಾಯಿಯ ಬ್ಲೂಟೂತ್ ಸ್ಪೀಕರ್ ಆದರೆ ನಡೆಯುತ್ತದೆ. ಅದನ್ನು ನಡೆಯುವವರ ಮುಂದೆ ಇಡಿ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುವುದರಿಂದ ಮೊಬೈಲ್ ಪರದೆ ನೋಡಿ ಚಪ್ಪಾಳೆ ಹಾಕಬೇಡಿ, ಎರಡು ಪೆಟ್ಟು ಕೇಳಿ ಕಾಲು ಗೊಂದಲಕ್ಕೆ ಬೀಳುತ್ತದೆ.

ಶ್ರವಣಯಂತ್ರ ಇದ್ದರೆ ಅದರಲ್ಲಿ ಸಂಗೀತದ ಪ್ರೋಗ್ರಾಂ ಹಾಕಿಸಿಕೊಳ್ಳಿ. ಮಾತಿಗೆ ಹೊಂದಿಸಿದ ಯಂತ್ರ ವಾದ್ಯದ ನಾದವನ್ನು ಗದ್ದಲವೆಂದು ತಿಳಿದು ತಗ್ಗಿಸಬಹುದು. ಏನೂ ಕೇಳಿಸದವರಿಗೆ ಮಣಿಕಟ್ಟಿಗೆ ಕಟ್ಟಿದರೆ ಪೆಟ್ಟಿಗೊಮ್ಮೆ ಅದುರುವ ಮೆಟ್ರೊನೋಮ್‌ಗಳಿವೆ.

ಎರಡೂ ಕಿವಿ ಮುಚ್ಚುವ ಹೆಡ್‌ಫೋನ್ ನಡಿಗೆಗೆ ಬೇಡ. ಬೀಳುವ ಭಯ ಒಂದು ಕಾರಣ. ಇನ್ನೊಂದು, ಕಾಳಗ ಕಂಡ ಕೆಲವರಿಗೆ ಸುತ್ತಲ ಸದ್ದು ಕೇಳದಿದ್ದರೆ ಜೀವ ಹಿಡಿದುಕೊಂಡಂತೆ ಆಗುತ್ತದೆ, ಮೈ ಬಿಗಿಯುತ್ತದೆ. ಅಂಥವರಿಗೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವಂತೆ ಕೂತು ಮಾಡುವ ವ್ಯಾಯಾಮಗಳಿಂದ ಶುರು ಮಾಡಿ, ಸಂಗೀತದ ಗುಂಡಿ ಅವರ ಕೈಯಲ್ಲೇ ಇರಲಿ. ಇಂಟರ್‌ನೆಟ್‌ನಿಂದ ನೇರ ಹಾಡು ಹಾಕಬೇಡಿ: ಎರಡು ಹಾಡಿನ ನಡುವೆ ಒಮ್ಮೆಲೇ ಅಬ್ಬರಿಸುವ ಜಾಹೀರಾತು ಸಾಕು, ವಾಕರ್ ಹಿಡಿದವರು ಬೆಚ್ಚಿ ಬೀಳಲು. ಸೇನಾ ಸಂಗೀತದ ಆಲ್ಬಮ್ ಹಾಕಿ ಬಿಟ್ಟರೆ ಮಾರ್ಚಿನ ಹಿಂದೆಯೇ ಅಂತಿಮ ನಮನದ ಬ್ಯೂಗಲ್ ಬರಬಹುದು. ಜೊತೆಗಾರರನ್ನು ಕಳೆದುಕೊಂಡವರ ಮುಂದೆ ಅದು ಹೇಳದೆ ಕೇಳದೆ ಬರಬಾರದು. ಒಂದೊಂದು ತುಣುಕನ್ನೂ ನೀವು ಮೊದಲು ಕೊನೆಯವರೆಗೆ ಕೇಳಿ, ಹೆಸರು ಅವರಿಗೆ ಹೇಳಿ, ‘ಹಾಕಲಾ ಅಪ್ಪಾಜಿ?’ ಎಂದು ಕೇಳಿಯೇ ಹಾಕಿ.

ಯಾವಾಗ ನಿಲ್ಲಿಸಬೇಕು

ಹದವಾದ ವ್ಯಾಯಾಮದಲ್ಲಿ ಸಂಗೀತ ಆಯಾಸವನ್ನು ಮರೆಸುತ್ತದೆ. ಬೇಕಾದದ್ದೂ ಅದೇ, ಕೆಡಿಸುವುದೂ ಅದೇ. ಫಿಸಿಯೋ ಹೇಳಿದ ಹತ್ತು ಸಲ ಹದಿನೆಂಟಾಗುತ್ತದೆ, ಮರುದಿನ ಮಂಡಿ ಊದುತ್ತದೆ. ಎಷ್ಟು ಸಲ ಎಂಬುದನ್ನು ಹಾಡು ನಿರ್ಧರಿಸಬಾರದು. ಸಂಖ್ಯೆಗೆ ತಕ್ಕ ಉದ್ದಕ್ಕೆ ಹಾಡನ್ನು ಕತ್ತರಿಸಿ. ನೋವು ಮರುದಿನ ಬೆಳಿಗ್ಗೆಯ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿಯದಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತು. ಬಿಪಿಗೆಂದು ನಾಡಿ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ನೋಡಿ ಶ್ರಮ ಅಳೆಯಲಾಗುವುದಿಲ್ಲ. ಜೊತೆಗೆ ಒಂದು ಸಾಲು ಹಾಡಲಾಗದೆ ಏದುಸಿರು ಬಂದರೆ ಮಿತಿ ಮೀರಿತು ಎಂದು ಲೆಕ್ಕ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಎದೆ ನೋವು ಅಥವಾ ಇದ್ದಕ್ಕಿದ್ದಂತೆ ಉಬ್ಬಸ ಬಂದರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ. ತಲೆಗೆ ಪೆಟ್ಟಾದವರಲ್ಲಿ ಕೆಲವರಿಗೆ ಹಾಡಿನ ಸಾಹಿತ್ಯ ಮತ್ತು ಹೆಜ್ಜೆ ಎರಡನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ. ಅವರಿಗೆ ಮಾತಿಲ್ಲದ ವಾದ್ಯ, ಅದೂ ಆಗದಿದ್ದರೆ ಮೌನವೇ ಸರಿ.

ಎರಡನೇ ವಾರದಿಂದಲೇ ಪೆಟ್ಟನ್ನು ಬಿಡಿಸುವ ಅಭ್ಯಾಸವೂ ಶುರುವಾಗಬೇಕು. ಒಂದು ನಿಮಿಷ ಸಂಗೀತದೊಂದಿಗೆ, ಒಂದು ನಿಮಿಷ ಇಲ್ಲದೆ, ಮನಸ್ಸಿನಲ್ಲೇ ಹಾಡುತ್ತಾ. ಭಾನುವಾರ ಪೂರ್ತಿ ಮೌನದಲ್ಲಿ 10 ಮೀಟರ್ ನಡೆಸಿ, ಹೆಜ್ಜೆ ಎಣಿಸಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆಯಿರಿ. ಸಂಗೀತದಲ್ಲಿ 84, ಮೌನದಲ್ಲಿ 81 ಎಂದರೆ ಕಾಲು ಕಲಿತಿದೆ. 84ಕ್ಕೆ 70 ಎಂದರೆ ಇನ್ನೂ ಪೆಟ್ಟಿನ ಮೇಲೇ ಒರಗಿದೆ, ಗತಿ ಏರಿಸಬೇಡಿ. ಮೌನದಲ್ಲೂ 105 ದಾಟಿ, ಎರಡೂ ಹೆಜ್ಜೆ ಸಮನಾಗಿ, ಕೋಲು ಮೂಲೆ ಸೇರಿ, ಫಿಸಿಯೋ ಒಪ್ಪಿದ ದಿನ ಅವರ ರೆಜಿಮೆಂಟಿನ ಮಾರ್ಚ್ ಹಾಕಿ. ಮೊದಲ ವಾರ ಪ್ಲೇಯರಿನ ವೇಗ 0.9ರಲ್ಲಿ, ನಿಮಿಷಕ್ಕೆ 108. ಚಪ್ಪಲಿ ಬೇಡ, ಹಿಮ್ಮಡಿಗೆ ಮೆತ್ತೆ ಇರುವ ಬೂಟು ಹಾಕಿಸಿ.